ಹಿಂದವಾಡಿಯ ಅಂಗಳದಲ್ಲಿ ರಾಯಗಡ ಯಾಕೆ, ಕಿತ್ತೂರು ಯಾಕಿಲ್ಲ?

ದೀಪಾವಳಿಗೆ ಇನ್ನೂ ವಾರ-ಹತ್ತು ದಿನ ಇರುವಾಗಲೇ ಬೆಳಗಾವಿಯ ಹಿಂದವಾಡಿಯ ಗಲ್ಲಿಗಳಲ್ಲಿ ಮಣ್ಣಿನ ರಾಶಿ ಬೀಳಲು ಶುರುವಾಗುತ್ತದೆ. ಊರಿಗೆ ಹೊಸಬರು ಯಾರದೋ ಮನೆ ಕಟ್ಟೋ ಕೆಲಸ ಅಂದುಕೊಳ್ಳಬಹುದು. ಅದು ಕಿಲ್ಲಾ. ಕಲ್ಲು, ಒಡೆದ ಇಟ್ಟಂಗಿ, ಹಳೆ ಡಬ್ಬಿ ಒಟ್ಟಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಅದಕ್ಕೆ ಕೆಂಪು ಮಣ್ಣು ಮೆತ್ತಿ, ಬುರುಜು, ಮೆಟ್ಟಿಲು, ಬಾಗಿಲು ತಿದ್ದುತ್ತಾರೆ. ಸಾಸಿವೆ ಚೆಲ್ಲಿ ದಿನಾ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡ ಹಸಿರಾಗಿರುತ್ತದೆ. ಆಮೇಲೆ ಗೊಂಬಿ ಇಡೋದು. ತುತ್ತತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ. ಬಾಗಿಲಲ್ಲಿ, ಮೆಟ್ಟಿಲ ಮೇಲೆ, ಬುರುಜಿನ ಮೇಲೆ ಮಾವಳೆಗಳು, ಅಂದ್ರೆ ಶಿವಾಜಿಯ ಕಾಲಾಳುಗಳು. ಟಿಳಕವಾಡಿ, ಶಹಾಪುರ, ವಡಗಾವಿ, ಅನಗೋಳದಲ್ಲೂ ಇದೇ ದೃಶ್ಯ. ಚಂದದ ಕಿಲ್ಲಾಕ್ಕೆ ಬಹುಮಾನ ಕೊಡುವ ಸ್ಪರ್ಧೆಗಳೂ ಉಂಟು. ಮರಾಠಿ ಮನೆಯ ಹುಡುಗರು ಹೆಚ್ಚು, ನಿಜ. ಆದ್ರೆ ಅದೇ ಗಲ್ಲಿಯ ಕನ್ನಡ ಮನೆಯ ಹುಡುಗರೂ ಕೈ ಕೆಸರು ಮಾಡಿಕೊಂಡೇ ಇರುತ್ತಾರೆ. ನಾನೂ ಅಂಥ ಹುಡುಗನೇ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಸಿಂಹಗಡ.

ಇದೇ ಜಿಲ್ಲೆಯ ಕಾಕತಿಯಲ್ಲಿ ಹುಟ್ಟಿದವಳು ಕಿತ್ತೂರು ಚೆನ್ನಮ್ಮ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಇದೇ ಜಿಲ್ಲೆಯ ಖಾನಾಪುರ ತಾಲೂಕಿನ ನಂದಗಡದಲ್ಲಿ. ಇಬ್ಬರಿಗೂ ವೃತ್ತಗಳಿವೆ, ಪ್ರತಿಮೆಗಳಿವೆ, ಸಿನಿಮಾಗಳಿವೆ. ಚೆನ್ನಮ್ಮನ ಪ್ರತಿಮೆ 2007ರಲ್ಲಿ ಸಂಸತ್ ಭವನದ ಆವರಣಕ್ಕೂ ಹೋಯಿತು. ಆದರೆ ಹಬ್ಬದ ಹಿಂದಿನ ವಾರ ಗಣಪತ್ ಗಲ್ಲಿ, ಖಡೇಬಜಾರದ ಕಡೆ ಹೋಗಿ ಕಿತ್ತೂರಿನ ಸೈನಿಕರ ಗೊಂಬೆ ಕೊಡ್ರಿ ಅಂತ ಕೇಳಿ ನೋಡಿ. ಮಾವಳೆಗಳು ಬುಟ್ಟಿಗಟ್ಟಲೆ ಇರುತ್ತವೆ. ಕಿತ್ತೂರಿನವರನ್ನು ನಾನಂತೂ ಒಮ್ಮೆಯೂ ಕಂಡಿಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ನಮ್ಮೂರಲ್ಲಿ ಸಿದ್ಧ ಉತ್ತರವೊಂದಿದೆ: ಭಾಷಾ ರಾಜಕಾರಣ. ಅದು ಪೂರ್ತಿ ಸುಳ್ಳಲ್ಲ, ಮುಂದೆ ಅದಕ್ಕೆ ಬರುತ್ತೇನೆ. ಆದರೆ ರಾಜಕಾರಣ ಪ್ರತಿಮೆ ನಿಲ್ಲಿಸಬಲ್ಲದು, ಬ್ಯಾನರ್ ಕಟ್ಟಬಲ್ಲದು. ಒಂಬತ್ತು ವರ್ಷದ ಹುಡುಗ ತನ್ನ ರಜೆಯ ಒಂದು ವಾರವನ್ನು ಮಣ್ಣಲ್ಲಿ ಕಳೆಯುವಂತೆ ಮಾಡೋದು ಅದರ ಕೈಲಾಗದ ಕೆಲಸ. ಇತಿಹಾಸದ ಒಂದು ಕಥೆ ಆಟಿಕೆಯಾಗಿ ಬದುಕೋದಕ್ಕೂ ಸಾಯೋದಕ್ಕೂ ಬೇರೆ ಲೆಕ್ಕಾಚಾರವಿದೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಾದ್ದರಿಂದ ನಾನು ಅದನ್ನು ಅಚ್ಚಿನಿಂದ ಶುರು ಮಾಡ್ತೇನೆ.

ಅಚ್ಚಿನ ಲೆಕ್ಕ

ಪ್ಲಾಸ್ಟಿಕ್ ಆಟಿಕೆಯಲ್ಲಿ ಪ್ಲಾಸ್ಟಿಕ್ ಅಗ್ಗ, ಉಕ್ಕಿನ ಅಚ್ಚು ದುಬಾರಿ. ಆ ಅಚ್ಚಿನ ಖರ್ಚು ಹುಟ್ಟಬೇಕಾದರೆ ಲಕ್ಷಗಟ್ಟಲೆ ತುಂಡು ಮಾರಾಟವಾಗಬೇಕು. ಹಾಗಾಗಿ ದೊಡ್ಡ ಕಂಪನಿ ಯಾವುದೇ ಐತಿಹಾಸಿಕ ವಸ್ತುವನ್ನು ಕೈಗೆತ್ತಿಕೊಳ್ಳುವಾಗ, ಇದಕ್ಕಂತಲೇ ಹೊಸದಾಗಿ ಎಷ್ಟು ಅಚ್ಚು ಬೇಕು, ಅವು ಬೇರೆಲ್ಲಿಗಾದರೂ ಉಪಯೋಗಕ್ಕೆ ಬರ್ತಾವಾ ಅಂತ ನೋಡಲೇಬೇಕು. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಿರುವ ಸೀಸದ ಸೈನಿಕರನ್ನು ಎರಕ ಹೊಯ್ಯುವ ವಿಧಾನ ಕಂಡುಕೊಂಡಿತು. ಸೀಸ ಕಡಿಮೆ ಸಾಕಾಯ್ತು, ಗೊಂಬೆ ಅಗ್ಗವಾಯ್ತು. ಒಂದೇ ಮೈಗೆ ಬೇರೆ ಬಣ್ಣ ಬಳಿದರೆ ಬೇರೆ ರೆಜಿಮೆಂಟು. ಜರ್ಮನಿಯ ಪ್ಲೇಮೊಬಿಲ್ ಹುಟ್ಟಿದ್ದು 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ. ಪ್ಲಾಸ್ಟಿಕ್ ತುಟ್ಟಿಯಾದ್ದರಿಂದ ದೊಡ್ಡ ಆಟಿಕೆ ಬಿಟ್ಟು 7.5 ಸೆಂಟಿಮೀಟರಿನ ಸಣ್ಣ ಗೊಂಬೆ ಮಾಡಿದರು. 1974ರಲ್ಲಿ ಅದು ಅಂಗಡಿಗೆ ಬಂದಾಗ ಇದ್ದದ್ದು ಮೂರು ವಸ್ತು: ಮಧ್ಯಯುಗದ ಯೋಧರು, ಅಮೆರಿಕದ ಮೂಲನಿವಾಸಿಗಳು, ಕಟ್ಟಡ ಕಾರ್ಮಿಕರು. ಮೈ ಮೂರಕ್ಕೂ ಒಂದೇ, ಟೋಪಿ ಮಾತ್ರ ಬೇರೆ.

ಡೆನ್ಮಾರ್ಕಿನ ಲೆಗೋ 1978ರಲ್ಲಿ ಹಳದಿ ಇಟ್ಟಿಗೆಯ ಕೋಟೆ ತಂದಿತು, 1989ರಲ್ಲಿ ಕಡಲ್ಗಳ್ಳರ ಹಡಗು. ಇವೆರಡೂ ಬಹಳ ವರ್ಷ ನಡೆದವು, ನಿಂತವು, ಮತ್ತೆ ಬಂದವು. 1996ರಲ್ಲಿ ಬಂದ ಅಮೆರಿಕದ ಕೌಬಾಯ್ ಸರಣಿ ಬೇಗ ಮುಗಿಯಿತು. 2005ರ ವೈಕಿಂಗ್ ಸರಣಿಗೆ ಎರಡು ವರ್ಷ ತುಂಬಿದ್ದೇ ಹೆಚ್ಚು, ಅದರಲ್ಲೂ ಕಂಪನಿ ಇತಿಹಾಸಕ್ಕಿಂತ ಹೆಚ್ಚಾಗಿ ದೈತ್ಯ ಹಾವು, ತೋಳ, ಡ್ರ್ಯಾಗನ್ನುಗಳನ್ನೇ ನೆಚ್ಚಿಕೊಂಡಿತ್ತು. ಈ ವ್ಯತ್ಯಾಸಕ್ಕೆ ನನ್ನ ವಿವರಣೆ ಹೀಗಿದೆ. ಲೆಗೋ ಕೋಟೆಯ ರಾಜ ಯಾವ ದೇಶದವನೂ ಅಲ್ಲ, ಅವನಿಗೆ ಹೆಸರಿಲ್ಲ, ಅವನ ಯುದ್ಧಕ್ಕೆ ಇಸವಿಯಿಲ್ಲ. 1978ರ ಗೊಂಬೆಗಳಿಗೆ ಮುಖವೂ ಒಂದೇ, ಎರಡು ಚುಕ್ಕೆ ಕಣ್ಣು, ಒಂದು ನಗು. ಗೆಲ್ಲೋರು ಯಾರು ಅಂತ ತೀರ್ಮಾನಿಸೋದು ಆಡುವ ಮಗು. ಕೌಬಾಯ್ ಕಥೆ ಹಾಗಲ್ಲ, ಅದು ಒಂದು ದೇಶದ ಒಂದು ಕಾಲದ್ದು. ಅದನ್ನು ಜಗತ್ತಿನ ಮಕ್ಕಳ ತಲೆಗೆ ತುಂಬಿದ್ದು ಸಿನಿಮಾ. ಆ ಸಿನಿಮಾಗಳ ಭರಾಟೆ ಇಳಿದ ಮೇಲೆ ಹೊಸ ಮಗುವಿಗೆ ಆ ಡಬ್ಬಿ ಏನೂ ಹೇಳೋದಿಲ್ಲ.

ಮಣ್ಣಿನ ಗೊಂಬೆಯ ಅಚ್ಚು ಇದಕ್ಕೆ ಉಲ್ಟಾ. ಅದು ಅಗ್ಗ, ಮನೆಯಲ್ಲೇ ಮಾಡಿಕೊಳ್ಳಬಹುದು. ಹಾಗಾದ್ರೆ ಯಾವ ವಸ್ತುವಾದರೂ ಬರಬಹುದಿತ್ತಲ್ಲ? ಬರಬಹುದಿತ್ತು. ಆದರೆ ಅಚ್ಚು ಅಗ್ಗವಾದ ಕಡೆ ಅಭ್ಯಾಸವೇ ದುಬಾರಿ. ಗೊಂಬೆ ಮಾಡುವ ಮನೆಯವರು ಹೋದ ವರ್ಷ ಏನು ಖಾಲಿಯಾಯ್ತೋ ಅದನ್ನೇ ಈ ವರ್ಷ ಮಾಡ್ತಾರೆ. ಸವೆದ ಅಚ್ಚಿನ ಜಾಗಕ್ಕೆ ಅದೇ ಗೊಂಬೆಯಿಂದ ಹೊಸ ಅಚ್ಚು ತೆಗೀತಾರೆ. ಇಲ್ಲಿ ಒಂದು ವಸ್ತು ನಿಂತುಹೋಗೋದು ಅಂದ್ರೆ ಕಂಪನಿಯ ಪ್ರಕಟಣೆ ಅಲ್ಲ. ಒಂದು ಅಚ್ಚು ಒಡೆಯುತ್ತದೆ, ಯಾರೂ ಇನ್ನೊಂದು ಮಾಡೋದಿಲ್ಲ, ಅಷ್ಟೇ. ಕಿತ್ತೂರಿನದು ಅದಕ್ಕಿಂತ ಹಿಂದಿನ ಕಥೆ, ಮೊದಲ ಅಚ್ಚೇ ಆಗಲಿಲ್ಲ.

ಮಣ್ಣು ಗುಡ್ಡವಾಗುತ್ತದೆ, ವಾಡೆಯಾಗುವುದಿಲ್ಲ

ಯಾಕಾಗಲಿಲ್ಲ ಅನ್ನೋದಕ್ಕೆ ನನಗೆ ಹೊಳೆದ ಮೊದಲ ಕಾರಣ ಕೇಳಿದರೆ ನೀವು ನಗಬಹುದು. ಮಣ್ಣಿನ ಆಕಾರ.

ಒಂದು ಬುಟ್ಟಿ ಮಣ್ಣು ಸುರಿಯಿರಿ. ಅದು ತಾನಾಗೇ ಗುಡ್ಡವಾಗುತ್ತದೆ. ಮಣ್ಣು ಕುಸಿಯದೆ ನಿಲ್ಲುವ ಇಳಿಜಾರಿಗೆ ಒಂದು ಕೋನವಿದೆ, ಸಿವಿಲ್ ಎಂಜಿನಿಯರಿಂಗಿನ ಹುಡುಗರು ಪರೀಕ್ಷೆಗೆ ಓದ್ತಾರೆ. ರಾಜಗಡ, ರಾಯಗಡ, ಪ್ರತಾಪಗಡ, ಪನ್ಹಾಳ, ಸಿಂಹಗಡ ಇವೆಲ್ಲ ಗಿರಿದುರ್ಗಗಳು. ಸಹ್ಯಾದ್ರಿಯ ಒಂದು ಗುಡ್ಡ, ಅದರ ನೆತ್ತಿಯ ಸುತ್ತ ಗೋಡೆ. ಮಗು ರಾಶಿ ಹಾಕಿದ ಕೂಡಲೇ ಅರ್ಧ ರಾಯಗಡ ಸಿದ್ಧ. ಮಳೆಗಾಲ ಮುಗಿದು ಮಣ್ಣಿನಲ್ಲಿ ಇನ್ನೂ ಪಸೆ ಇರುವ ಕಾಲ ಬೇರೆ. ಎತ್ತರದಲ್ಲಿ ರಾಜ, ಕೆಳಗೆ ಬಾಗಿಲು, ನಡುವೆ ತಿರುವು ದಾರಿ. ಎಲ್ಲಿ ಯಾರನ್ನು ನಿಲ್ಲಿಸಬೇಕು ಅಂತ ಗುಡ್ಡವೇ ಹೇಳಿಕೊಡುತ್ತದೆ.

ಕಿತ್ತೂರು ಬಯಲಿನ ಕೋಟೆ. ಈಗ ಉಳಿದಿರುವುದು ಅರಮನೆಯ ಗೋಡೆಗಳು, ಕಂಬಗಳ ಬುಡ, ಅಂಕಣಗಳು. ನಮ್ಮ ಬೆಳಗಾವಿಯಲ್ಲೇ ಜನ ಕಿಲ್ಲಾ ಅಂತ ಕರೆಯುವ ನಿಜವಾದ ಕೋಟೆ ಇದೆಯಲ್ಲ, 1204ರಲ್ಲಿ ರಟ್ಟರ ಕಾಲದಲ್ಲಿ ಕಟ್ಟಿದ್ದು, ಒಳಗೆ ಕಮಲ ಬಸದಿ, ಸಫಾ ಮಸೀದಿ ಇರೋದು? ಅದೂ ಬಯಲಿನದ್ದೇ, ಸುತ್ತ ಕಂದಕ. ಹಿಂದವಾಡಿಯಿಂದ ಕೆಲವೇ ಕಿಲೋಮೀಟರ್ ದೂರ. ಒಂದೇ ಒಂದು ಮಗು ಅದನ್ನು ಅಂಗಳದಲ್ಲಿ ಕಟ್ಟಿದ್ದನ್ನು ನಾನು ನೋಡಿಲ್ಲ. ಕನ್ನಡ ಕೋಟೆ, ಮರಾಠಿ ಕೋಟೆ ಅನ್ನೋ ಜಗಳಕ್ಕೆ ಇಲ್ಲಿ ಜಾಗವೇ ಇಲ್ಲ. ಕಂದಕ ತೋಡಿ ನೀರು ನಿಲ್ಲಿಸಿ, ನಾಲ್ಕು ಕಡೆ ಒಂದೇ ಎತ್ತರದ ಗೋಡೆ ಎಬ್ಬಿಸೋದು ಮಣ್ಣಲ್ಲಿ ಕಷ್ಟ. ಮುಗಿದ ಮೇಲೂ ನೋಡೋರಿಗೆ ಕಾಂಪೌಂಡ್ ಥರ ಕಾಣುತ್ತೆ.

ಎರಡನೇ ಕಾರಣ ಹೆಸರಿಲ್ಲದವರದು. ಮಗು ಕೊಳ್ಳೋದು ಒಬ್ಬ ಶಿವಾಜಿಯನ್ನು, ಮಾವಳೆಗಳನ್ನು ಡಜನ್ ಲೆಕ್ಕದಲ್ಲಿ. ವ್ಯಾಪಾರ ನಡೆಯೋದು ಈ ಮಾವಳೆಗಳ ಮೇಲೆ. ಒಬ್ಬನ ಕೈಲಿ ಕತ್ತಿ, ಒಬ್ಬನ ಕೈಲಿ ಭರ್ಚಿ, ಒಬ್ಬ ತುತ್ತೂರಿ ಊದೋನು. ಮಣ್ಣಿನವಾದ್ದರಿಂದ ಪ್ರತಿ ವರ್ಷ ನಾಲ್ಕಾರು ಜನರ ಕೈಕಾಲು ಮುರಿಯುತ್ತೆ, ಮುಂದಿನ ವರ್ಷ ಮತ್ತೆ ಕೊಳ್ಳಬೇಕು. ಇದು ನಮ್ಮ ಸೀಮೆಗೆ ಹೊಸ ಪಾಠವೇನಲ್ಲ. ಮಣ್ಣೆತ್ತಿನ ಅಮವಾಸ್ಯೆಯ ಎತ್ತು, ಆಷಾಢದ ಗುಳ್ಳವ್ವ ಎರಡೂ ಇವತ್ತಿಗೂ ಉಳಿದಿರೋದು ಹೀಗೇ. ಪೂಜೆ ಆಗ್ತದೆ, ಕರಗ್ತದೆ, ಬರುವ ವರ್ಷ ಮತ್ತೆ ಹೊಸದು ಬೇಕು. ಇದೇ ಜಿಲ್ಲೆಯ ಗೋಕಾಕದ ಮರದ ಹಣ್ಣು-ಕಾಯಿಪಲ್ಲೆ ಎಷ್ಟು ಚಂದ ಇವೆ ಅಂದ್ರೆ ನಿಜವಾದದ್ದೇ ಅಂತ ಕೈ ಹಾಕಬೇಕು. ಆದರೆ ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ಷೋಕೇಸಿನಲ್ಲಿ ಕೂತಿರ್ತಾವೆ. ಕುಶಲಕರ್ಮಿಗೆ ಗಟ್ಟಿ ಗೊಂಬೆಯೇ ಶತ್ರು. (ಮೈಸೂರು ಕಡೆಯ ದಸರಾ ಗೊಂಬೆ ಇದಕ್ಕೆ ಅಪವಾದ ಅಂತ ನೀವು ಹೇಳಬಹುದು. ಪಟ್ಟದ ಗೊಂಬೆಗೆ ಮದುವೆ ಇದೆ, ನವರಾತ್ರಿ ಇದೆ, ಅದು ತಲೆಮಾರು ದಾಟುತ್ತದೆ. ಆದರೆ ಅದನ್ನು ಮಕ್ಕಳು ಮುಟ್ಟಿದರೆ ಏಟು. ಅದು ದೊಡ್ಡವರ ಆಟಿಕೆ. 2022ರಲ್ಲಿ ಲೆಗೋ ತನ್ನ ಹಳೆ ಕೋಟೆಯ ನೆನಪಿಗೆ 4,514 ತುಂಡುಗಳ ದೊಡ್ಡ ಸಿಂಹಕೋಟೆ ತಂದಾಗ ಅದರ ಡಬ್ಬಿಯ ಮೇಲೂ 18 ವರ್ಷ ಮೇಲ್ಪಟ್ಟವರಿಗೆ ಅಂತಲೇ ಬರೆದಿತ್ತು.)

ಚೆನ್ನಮ್ಮ ಮತ್ತು ರಾಯಣ್ಣನನ್ನು ನಾವು ಒಬ್ಬಂಟಿ ಮಾಡಿಬಿಟ್ಟಿದ್ದೇವೆ. ಕುದುರೆ ಮೇಲೆ ಕೂತು ಕತ್ತಿ ಎತ್ತಿದ ಚೆನ್ನಮ್ಮ, ಕತ್ತಿ-ಗುರಾಣಿ ಹಿಡಿದ ರಾಯಣ್ಣ. ಇಬ್ಬರ ಸಣ್ಣ ಮೂರ್ತಿಗಳೂ ಸಿಗ್ತಾವೆ, ಸನ್ಮಾನ ಸಮಾರಂಭದ ಸ್ಮರಣಿಕೆಯಾಗಿ. ಅವರ ಹಿಂದೆ ಇದ್ದ ನೂರಾರು ಜನ, ಅವರ ರುಮಾಲು, ಅವರ ಆಯುಧ, ಅವರು ನಿಂತ ಜಾಗ ಇವುಗಳ ಚಿತ್ರ ನಮ್ಮ ಕಣ್ಣಿಗೆ ಕಟ್ಟಿಲ್ಲ. ಮಾವಳೆ ಅನ್ನೋ ಥರದ ಒಂದು ಪದ ಕೂಡ ಕಿತ್ತೂರಿನ ಸಿಪಾಯಿಗೆ ಚಾಲ್ತಿಯಲ್ಲಿಲ್ಲ. ಹೆಸರೇ ಇಲ್ಲದ ಗೊಂಬೆಯನ್ನು ಮಗು ಅಂಗಡಿಯಲ್ಲಿ ಏನಂತ ಕೇಳಬೇಕು?

ಹಾಗಂತ ಚೆನ್ನಮ್ಮ ಮಕ್ಕಳ ಲೋಕದಿಂದ ಕಾಣೆಯಾಗಿಲ್ಲ. ಅವಳು ಗೊಂಬೆಯಾಗದೆ ವೇಷವಾದಳು. ಆಗಸ್ಟ್ 15ಕ್ಕೋ ನವೆಂಬರ್ 1ಕ್ಕೋ ಯಾವ ಕನ್ನಡ ಶಾಲೆಗೆ ಹೋದರೂ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕಚ್ಚೆ ಸೀರೆ, ರಟ್ಟಿನ ಕಿರೀಟ, ಬೆಳ್ಳಿ ಕಾಗದ ಸುತ್ತಿದ ಕತ್ತಿ ಹಿಡಿದು ಕಪ್ಪ ಕೊಡೋದಿಲ್ಲ ಅಂತ ಥ್ಯಾಕರೆಗೆ ಗುಡುಗುತ್ತಾಳೆ. ಅದರ ಹಿಂದೆ ಕಂಪನಿ ನಾಟಕ ಇದೆ, ಪಂತುಲು ಅವರ 1961ರ ಸಿನಿಮಾ ಇದೆ, ಸರೋಜಾದೇವಿ ಇದ್ದಾರೆ. ಬಾಯಲ್ಲಿ ಹೇಳುವ ಮಾತು ಬಲವಾಗಿದ್ದ ಕಥೆ ಅಭಿನಯವಾಯ್ತು, ಜಾಗ ಬಲವಾಗಿದ್ದ ಕಥೆ ಆಟಿಕೆಯಾಯ್ತು. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕಾಡುತ್ತೆ. ವೇಷದ ಸಂಭಾಷಣೆಯನ್ನು ಟೀಚರ್ ಬಾಯಿಪಾಠ ಮಾಡಿಸ್ತಾರೆ, ಐದು ನಿಮಿಷದಲ್ಲಿ ಮುಗಿಯುತ್ತೆ, ಒಬ್ಬಳಿಗೆ ಮಾತ್ರ ಅವಕಾಶ. ಕಿಲ್ಲಾವನ್ನು ಆರೇಳು ಮಕ್ಕಳು ಜಗಳ ಆಡ್ತಾ, ಯಾರೂ ಹೇಳಿಕೊಡದೆ ಕಟ್ತಾರೆ. ನೀರಿನ ಟಾಕಿ ಎಲ್ಲಿತ್ತು, ಮಹಾದ್ವಾರ ಯಾವ ದಿಕ್ಕಿಗಿತ್ತು ಅನ್ನೋದು ಹಾಗೆ ಕಲಿತದ್ದು. ನನಗೆ ಈಗಲೂ ಸಿಂಹಗಡದ ಬಾಗಿಲುಗಳು ಗೊತ್ತು, ನಮ್ಮ ಜಿಲ್ಲೆಯ ಕಿತ್ತೂರಿನ ಕೋಟೆಗೆ ಎಷ್ಟು ಬಾಗಿಲು ಅಂತ ಥಟ್ಟನೆ ಹೇಳಲಾರೆ.

ರಾಜಕಾರಣದ ಪಾಲೆಷ್ಟು

ಈಗ ರಾಜಕಾರಣಕ್ಕೆ ಬರೋಣ. ಅದರ ಕೆಲಸ ಮಾರುಕಟ್ಟೆಯಲ್ಲಿ ನಡೆಯೋದಿಲ್ಲ, ಅದಕ್ಕಿಂತ ಮುಂಚೆ, ಚಿತ್ರ ಸರಬರಾಜಾಗುವ ಜಾಗದಲ್ಲಿ ನಡೆಯುತ್ತೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ನಾಲ್ಕನೇ ತರಗತಿಯ ಇತಿಹಾಸ ಪುಸ್ತಕ ಅಂದರೆ ದಶಕಗಳಿಂದ ಶಿವಾಜಿಯ ಜೀವನವೇ. ಕೋಟೆಗಳಿಗೆ ಚಾರಣ ಹೋಗೋದು ಅಲ್ಲಿ ಒಂದು ಹವ್ಯಾಸ, ನಕ್ಷೆ-ಫೋಟೋ ಬೇಕಾದಷ್ಟು ಸಿಗ್ತವೆ. 2025ರ ಜುಲೈನಲ್ಲಿ ಮರಾಠರ 12 ಕೋಟೆಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 11 ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಹಿಂದವಾಡಿಯ ಹುಡುಗ ಕಿಲ್ಲಾ ಕಟ್ಟಲು ಕೂತಾಗ ಮೊಬೈಲಿನಲ್ಲಿ ರಾಯಗಡದ ಪ್ರತಿ ಮೂಲೆ ತೆರೆದುಕೊಳ್ಳುತ್ತದೆ. 1824ರ ಕಿತ್ತೂರು ಹೇಗಿತ್ತು ಅಂತ ಮಗುವಿಗೆ ಅರ್ಥವಾಗುವ ಒಂದು ಒಳ್ಳೆಯ ನಕ್ಷೆ, ಒಂದು ಚಿತ್ರಪುಸ್ತಕ ಅಷ್ಟು ಸಲೀಸಾಗಿ ಸಿಗೋದಿಲ್ಲ. ನಾವು ಖರ್ಚು ಮಾಡೋದು ಉತ್ಸವದ ವೇದಿಕೆಗೆ, ಗಾಯಕರಿಗೆ, ಕಂಚಿನ ಪ್ರತಿಮೆಗೆ. ಯಳ್ಳೂರಿನ ರಾಜಹಂಸಗಡದಲ್ಲಿ 2023ರಲ್ಲಿ ಶಿವಾಜಿ ಪ್ರತಿಮೆಯನ್ನು ಎರಡು ಪಕ್ಷದವರು ಕೆಲವೇ ದಿನಗಳ ಅಂತರದಲ್ಲಿ ಎರಡು ಸಲ ಅನಾವರಣ ಮಾಡಿದ್ದು ನೆನಪಿರಬಹುದು. ಪ್ರತಿಮೆಯ ವಿಷಯದಲ್ಲಿ ಎರಡೂ ಭಾಷೆಯ ರಾಜಕಾರಣಿಗಳು ಸಮಾನರು. ಕಿಲ್ಲಾ ಬದುಕಿರೋದು ಅವರಿಂದಲ್ಲ.

ಎದುರಾಳಿಯ ಪ್ರಶ್ನೆಯೂ ಇದೆ. ಆಟಕ್ಕೆ ಇಬ್ಬರು ಬೇಕು. ಶಿವಾಜಿ ಮತ್ತು ಅಫ್ಜಲ್ ಖಾನನ ಜೋಡಿ ಗೊಂಬೆಯೂ ಮಾರಾಟಕ್ಕಿರುತ್ತೆ, 1659ರ ಪ್ರತಾಪಗಡದ ಭೇಟಿಯದು. ಖಾನ ಹೊರಟಿದ್ದು ನಮ್ಮ ವಿಜಯಪುರದಿಂದಲೇ. ಆ ಗೊಂಬೆ ನನಗೆ ಎಂದೂ ಹಿಡಿಸಿಲ್ಲ, ಸೌಹಾರ್ದದ ಮಾತು ಪಕ್ಕಕ್ಕಿಟ್ಟರೂ ಆಟಿಕೆಯಾಗಿಯೇ ಅದು ಬಡವು: ಒಂದೇ ಭಂಗಿ, ಒಂದೇ ಕ್ಷಣ, ಇಟ್ಟಲ್ಲಿಗೆ ಮುಗೀತು. ಮಾವಳೆ ಹಾಗಲ್ಲ, ಇವತ್ತು ಬಾಗಿಲು ಕಾಯ್ತಾನೆ, ನಾಳೆ ಗೋಡೆ ಹತ್ತುತಾನೆ. ಇನ್ನು ಬೈಲಹೊಂಗಲ ಸೀಮೆಯ ಬೆಳವಡಿ ಮಲ್ಲಮ್ಮನ ಕಥೆಯಲ್ಲಿ ಎದುರಿಗಿರೋದು ಶಿವಾಜಿಯ ಸೈನ್ಯವೇ. ಅವಳ ಸೈನಿಕರ ಗೊಂಬೆ ಮಾಡಿ ಬೆಳಗಾವಿಯ ಪೇಟೆಯಲ್ಲಿಡುವ ಧೈರ್ಯ ಯಾವ ವ್ಯಾಪಾರಿಗಿದೆಯೋ ಗೊತ್ತಿಲ್ಲ. ಇಲ್ಲಿ ಮಾತ್ರ ರಾಜಕಾರಣ ನೇರವಾಗಿ ಅಂಗಡಿಯೊಳಗೇ ನಿಂತಿದೆ ಅಂತ ಒಪ್ಪಬೇಕು.

ಖಾನಾಪುರದ ಕಡೆ ನೋಡಿದರೆ ಹೊಟ್ಟೆ ಉರಿಯುತ್ತೆ. ಅಲ್ಲಿನ ಮಣ್ಣು ಹೆಂಚಿಗೆ, ಕುಂಬಾರಿಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರೋದೇ ಖಾನಾಪುರದಲ್ಲಿ. ಮಣ್ಣಿದೆ, ಕೈ ಇದೆ, ಅಚ್ಚು ತೆಗೆಯೋದನ್ನು ಕಲಿಸುವವರಿದ್ದಾರೆ. ಗುಡ್ಡದ ಕೋಟೆಯೇ ಬೇಕು ಅಂದ್ರೆ ಅದೂ ಅದೇ ತಾಲೂಕಿನಲ್ಲಿದೆ, ಭೀಮಗಡ. ಶಿವಾಜಿಯ ಹೆಸರಿನ ಜೊತೆಗೇ ಅದನ್ನು ಹೇಳುತ್ತಾರೆ, ಗೋವೆಯ ಪೋರ್ಚುಗೀಸರ ಮೇಲೆ ಕಣ್ಣಿಡಲು ಇದ್ದದ್ದು ಅಂತ. ಅಂದರೆ ನಮ್ಮ ಹುಡುಗರು ಶಿವಾಜಿಯನ್ನು ಬಿಡದೆಯೇ ತಮ್ಮ ಜಿಲ್ಲೆಯ ಕಿಲ್ಲಾ ಕಟ್ಟಬಹುದು. ಆದರೆ ಅದು ಈಗ ಅಭಯಾರಣ್ಯದ ಒಳಗಿದೆ, ಹೋಗಿ ನೋಡಿದವರು ಬೆರಳೆಣಿಕೆ. ನೋಡದ ಕೋಟೆಯನ್ನು ಯಾರೂ ಕಟ್ಟೋದಿಲ್ಲ. ಹಾಗಂತ ಕಾಡಿನ ಬಾಗಿಲು ತೆರೀರಿ ಅಂತ ನಾನು ಹೇಳ್ತಿಲ್ಲ. ನಾಲ್ಕು ದಿಕ್ಕಿನಿಂದ ತೆಗೆದ ಫೋಟೋ, ಒಂದು ಅಳತೆಯ ನಕ್ಷೆ ಸಾಕು. ರಾಯಣ್ಣನ ವಿಷಯವಂತೂ ಗೊಂಬೆಗೆ ಹೇಳಿ ಮಾಡಿಸಿದ್ದು. ಅವನ ಯುದ್ಧ ಕೋಟೆಯದಲ್ಲ, ಕಾಡಿನದು: ಕಚೇರಿಗಳ ಮೇಲೆ ದಾಳಿ, ದಾಖಲೆ ಸುಡೋದು, ಮತ್ತೆ ಗುಡ್ಡ ಸೇರೋದು. ನಾವು ಮಕ್ಕಳಿಗೆ ತೋರಿಸೋದು ಮಾತ್ರ ನಂದಗಡದ ಆಲದ ಮರ ಮತ್ತು ಸಮಾಧಿ. ಮುಗಿದುಹೋದ ಜಾಗದಿಂದ ಆಟ ಶುರುವಾಗೋದು ಕಷ್ಟ.

ಕ್ಯಾಲೆಂಡರಂತೂ ಕಿತ್ತೂರಿನ ಪರವಾಗಿಯೇ ಇದೆ. ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ 25. ರಾಜ್ಯೋತ್ಸವ ನವೆಂಬರ್ 1. ದೀಪಾವಳಿ ಇವೆರಡರ ಆಸುಪಾಸಿನಲ್ಲೇ ಎಲ್ಲೋ ಬೀಳುತ್ತೆ. ಬೇರೆ ಹಬ್ಬ ಹುಡುಕೋದೇ ಬೇಡ, ಈಗಾಗಲೇ ಮಣ್ಣು ಕಲಸುತ್ತಿರುವ ಕೈಗಳಿಗೆ ಇನ್ನೊಂದು ಕಥೆ ಕೊಟ್ಟರಾಯ್ತು.

ಬಯಲು ಕೋಟೆಯ ತೊಡಕು ನಿಜ, ಆದರೆ ಆ 23ನೇ ತಾರೀಖಿನ ಘಟನೆಯಲ್ಲಿ ಗುಡ್ಡದ ಅಗತ್ಯವೇ ಇಲ್ಲ. ಅಲ್ಲಿ ಇಡೀ ಆಟ ನಿಂತಿರೋದು ಒಂದು ಬಾಗಿಲಿನ ಮೇಲೆ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪುಗಳೊಂದಿಗೆ ಬಂದು ಬಾಗಿಲು ತೆರೀರಿ ಅಂದ. ಬಾಗಿಲು ತೆರೆಯಿತು, ಒಳಗಿನಿಂದ ಕಿತ್ತೂರಿನವರು ನುಗ್ಗಿ ಬಂದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಈ ಎಲಿಯಟ್ ಮುಂದೆ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿಟ್ಟ ವಾಲ್ಟರ್ ಎಲಿಯಟ್ಟೇ. ಇದನ್ನು ಆಡಲು ಬೇಕಾದ್ದು ತೆರೆದು ಮುಚ್ಚುವ ಎರಡು ಕದ, ಹೊರಗೆ ಎರಡು ತೋಪು, ಒಳಗೆ ಎರಡು ಡಜನ್ ಹೆಸರಿಲ್ಲದ ಸಿಪಾಯಿಗಳು, ಒಬ್ಬ ಬಾಳಪ್ಪ, ಸೆರೆಯಾಳುಗಳನ್ನು ಕೂಡಿಹಾಕಲು ಒಂದು ಕೋಣೆ. ಚೆನ್ನಮ್ಮ ಒಬ್ಬಳೇ ಸಾಕು. ಸಿಪಾಯಿಯ ಅಚ್ಚು ಒಂದೇ ಇದ್ದರೂ ನಡೆಯುತ್ತೆ, ರುಮಾಲಿನ ಬಣ್ಣ ಬದಲಿಸಿದರಾಯ್ತು.